ಒಂದು ತೊಲ ಸೀಸದ ಜಗಳ

1986ರ ಏಪ್ರಿಲ್ 11, ಶುಕ್ರವಾರ ಬೆಳಗ್ಗೆ. ಅಮೆರಿಕದ ಮಯಾಮಿ ನಗರದ ಹೊರವಲಯದ ಒಂದು ಬಡಾವಣೆಯಲ್ಲಿ ಇಬ್ಬರು ಬ್ಯಾಂಕ್ ದರೋಡೆಕೋರರ ಕಾರನ್ನು ಎಫ್‌ಬಿಐನ ಎಂಟು ಮಂದಿ ಅಡ್ಡಗಟ್ಟಿದರು. ಐದು ನಿಮಿಷವೂ ಹಿಡಿಯದ ಕಾಳಗದಲ್ಲಿ ನೂರಕ್ಕೂ ಹೆಚ್ಚು ಗುಂಡು ಹಾರಿದವು. ಜೆರ್ರಿ ಡವ್ ಮತ್ತು ಬೆಂಜಮಿನ್ ಗ್ರೋಗನ್ ಎಂಬ ಇಬ್ಬರು ಏಜೆಂಟರು ಸತ್ತರು, ಐವರಿಗೆ ಗಾಯ. ಕೊನೆಗೆ ಎಡ್ಮುಂಡೊ ಮಿರೆಲೆಸ್ ಎಂಬ ಏಜೆಂಟ್, ಒಂದು ತೋಳು ಛಿದ್ರವಾಗಿ ಜೋತುಬಿದ್ದಿದ್ದರೂ, ಇನ್ನೊಂದು ಕೈಯಲ್ಲಿ ರಿವಾಲ್ವರ್ ಹಿಡಿದು ಕಾರಿನ ಹತ್ತಿರ ನಡೆದುಹೋಗಿ ಆರು ಈಡು ಹೊಡೆದ. ಕಾಳಗ ಅಲ್ಲಿಗೆ ಮುಗಿಯಿತು.

ರಿವಾಲ್ವರ್ .357 ಮ್ಯಾಗ್ನಮ್. ಅದರೊಳಗಿದ್ದ ತೋಟಾ ಮಾತ್ರ ಮ್ಯಾಗ್ನಮ್ ಅಲ್ಲ. ಅದಕ್ಕಿಂತ ಎಷ್ಟೋ ಸೌಮ್ಯವಾದ .38 ಸ್ಪೆಷಲ್.

ಬುಲೆಟ್ ಮೋಟರ್‌ಸೈಕಲ್ ಕೊಂಡವನು ಮೊಪೆಡ್ಡಿನ ವೇಗದಲ್ಲಿ ಓಡಿಸಿಕೊಂಡು ಹೋದ ಹಾಗಾಯಿತಲ್ಲ ಎಂದು ಅನ್ನಿಸಬಹುದು. ನನಗೂ ಹಾಗೇ ಅನ್ನಿಸಿತ್ತು. ಆದರೆ ಮ್ಯಾಗ್ನಮ್ ರಿವಾಲ್ವರಿಗೆ ಯಾವ ತೋಟಾ ಹಾಕಬೇಕು ಎಂಬ ಪ್ರಶ್ನೆಯ ಬೆನ್ನು ಹತ್ತಿದರೆ, ಇದು ಅಮೆರಿಕದಲ್ಲಿ ತೊಂಬತ್ತು ವರ್ಷದಿಂದ ನಡೆಯುತ್ತಿರುವ ಒಂದು ಆಸ್ತಿ ವ್ಯಾಜ್ಯದಂಥ ಜಗಳ ಎಂದು ಗೊತ್ತಾಗುತ್ತದೆ. ವಾದಿಗಳು ಸತ್ತರೂ ಮಕ್ಕಳು ಮುಂದುವರಿಸುತ್ತಿದ್ದಾರೆ.

ಈ ಜಗಳದ ನಡುವೆ ನಾನು ಹೋಗಿ ನಿಂತದ್ದು ಭಾವನ ದೆಸೆಯಿಂದ. ಅಕ್ಕ ಭಾವ ಅರಿಜೋನಾದಲ್ಲಿದ್ದಾರೆ. ಭಾವ ಮೂಲತಃ ತೀರ್ಥಹಳ್ಳಿ ಕಡೆಯವರು. ಈಗ ಅಲ್ಲಿಯ ಪ್ರಜೆ. ಅವರ ಊರಿನ ಮನೆಯಲ್ಲಿ ಬೆಳೆ ರಕ್ಷಣೆಯ ಲೈಸೆನ್ಸಿನ ಒಂದು ಕೇಪಿನ ಕೋವಿ ಇತ್ತು. ಚುನಾವಣೆ ಬಂತೆಂದರೆ ಅವರ ಅಜ್ಜ ಅದನ್ನು ಗೋಣಿತಾಟಿನಲ್ಲಿ ಸುತ್ತಿ ಬಸ್ಸಿನಲ್ಲಿ ಹೊತ್ತುಕೊಂಡು ಹೋಗಿ ಠಾಣೆಗೆ ಒಪ್ಪಿಸಿ, ಎಲೆಕ್ಷನ್ ಮುಗಿದ ಮೇಲೆ ಬೈದುಕೊಳ್ಳುತ್ತಾ ವಾಪಸ್ ತರುತ್ತಿದ್ದರಂತೆ. ಹಾಗಾಗಿ ಭಾವನಿಗೆ ಕೋವಿಯ ಭಾಷೆ ಹುಟ್ಟಿನಿಂದ ಬಂದದ್ದು. ಚರೆ ಯಾವುದು, ಗುಂಡು ಯಾವುದು, ಮದ್ದು ಹೆಚ್ಚಾದರೆ ಏನಾಗುತ್ತದೆ, ಇವೆಲ್ಲ ಅವರಿಗೆ ಅಡಿಕೆ ಸುಲಿಯುವುದರ ಜೊತೆಗೇ ಗೊತ್ತಾದ ಸಂಗತಿಗಳು.

ಅವರು ಬೆಟ್ಟ ಹತ್ತಲು ಹೋಗುವಾಗ ಜೊತೆಗಿಟ್ಟುಕೊಳ್ಳಲು ಒಂದು ಪುಟ್ಟ .357 ರಿವಾಲ್ವರ್ ಕೊಂಡಿದ್ದರು. ತೋಟಾ ಕೊಳ್ಳಲು ಅಂಗಡಿಗೆ ಹೊರಟಾಗ ನಾನೂ ಹೋದೆ. ಗೋಡೆಯುದ್ದಕ್ಕೂ ಪೆಟ್ಟಿಗೆಗಳು. ಒಂದೇ ರಿವಾಲ್ವರಿಗೆ ಮೂವತ್ತೋ ನಲವತ್ತೋ ಬಗೆ. 110, 125, 135, 158, 180 ಎಂದು ಬಗೆಬಗೆಯ ಸಂಖ್ಯೆ.

"ಎಲ್ಲಾ ಒಂದೇ ಅಲ್ವಾ ಭಾವ? ಗುಂಡು ಗುಂಡೇ ತಾನೆ?" ಎಂದೆ.

"ಅಕ್ಕಿ ಎಲ್ಲಾ ಒಂದೇನಾ ಮಾರಾಯ? ಬಾಸುಮತಿಯಲ್ಲಿ ಕಡುಬು ಮಾಡಿ ನೋಡು," ಎಂದರು.

ಆ ಸಂಖ್ಯೆಗಳು ಗುಂಡಿನ ತೂಕ. ಗ್ರಾಮಿನಲ್ಲಲ್ಲ, ಗ್ರೇನಿನಲ್ಲಿ. ಯುರೋಪಿನವರು ಬಾರ್ಲಿ ಕಾಳನ್ನು ತಕ್ಕಡಿಗೆ ಹಾಕುತ್ತಿದ್ದ ಕಾಲದ ಅಳತೆ, ನಮ್ಮ ಗುಲಗಂಜಿಯ ಹಾಗೆ. ಇದು ನಮಗೆ ಪರಕೀಯವೂ ಅಲ್ಲ. 1833ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಒಂದು ತೊಲ ಎಂದರೆ 180 ಗ್ರೇನು ಎಂದು ನಿಗದಿ ಮಾಡಿತು. ಬೆಳ್ಳಿ ರೂಪಾಯಿಯ ತೂಕವೂ ಅಷ್ಟೇ. ಅಂದರೆ 180 ಗ್ರೇನಿನ ಗುಂಡು ಸರಿಯಾಗಿ ಒಂದು ತೊಲ. 158ರದ್ದು ಹತ್ತು ಗ್ರಾಮಿಗೆ ಚೂರು ಮೇಲೆ, 125ರದ್ದು ಎಂಟು ಗ್ರಾಂ. ಅಜ್ಜಿಯ ಅವಲಕ್ಕಿ ಸರದ ತೂಕದಷ್ಟೂ ಇಲ್ಲದ ಈ ವ್ಯತ್ಯಾಸದ ಮೇಲೆ ಸಾವಿರಾರು ಪುಟ ಬರೆದಿದ್ದಾರೆ.

ಮ್ಯಾಗ್ನಮ್ ಹುಟ್ಟಿದ್ದು 1935ರಲ್ಲಿ. ಅಮೆರಿಕದ ದರೋಡೆಕೋರರು ಕಾರುಗಳಲ್ಲಿ ಓಡಾಡತೊಡಗಿದ್ದ ಕಾಲ ಅದು. ಪೊಲೀಸರ ಸೊಂಟದಲ್ಲಿದ್ದ .38 ಸ್ಪೆಷಲ್ ತೋಟಾ ಹತ್ತೊಂಬತ್ತನೇ ಶತಮಾನದ ಕೊನೆಯದ್ದು. ಅದರ ಗುಂಡು ಶಬ್ದಕ್ಕಿಂತ ನಿಧಾನ, ಸೆಕೆಂಡಿಗೆ 230 ಮೀಟರಿನ ಆಸುಪಾಸು. ಕಾರಿನ ಉಕ್ಕಿನ ಬಾಗಿಲಿಗೆ ತಾಗಿದರೆ ಬಳಲಿಹೋಗುತ್ತಿತ್ತು. ಸ್ಮಿತ್ ಅಂಡ್ ವೆಸ್ಸನ್ ಕಂಪನಿಯ ಡಗ್ಲಸ್ ವೆಸ್ಸನ್, ಫಿಲಿಪ್ ಶಾರ್ಪ್ ಎಂಬ ಬಂದೂಕು ಬರಹಗಾರ, ವಿಂಚೆಸ್ಟರ್ ತೋಟಾ ಕಂಪನಿ ಸೇರಿ ಅದೇ ಗುಂಡಿಗೆ ಹೆಚ್ಚು ಮದ್ದು ತುಂಬಿದರು. ಹೆಸರು ಮಾತ್ರ ಮದ್ದಿನ ಅಂಗಡಿಯದ್ದಲ್ಲ, ಮದ್ಯದಂಗಡಿಯದ್ದು. ಷಾಂಪೇನಿನ ಮಾಮೂಲಿ ಸೀಸೆಯ ಎರಡರಷ್ಟು ಹಿಡಿಸುವ ದೊಡ್ಡ ಸೀಸೆಗೆ ಮ್ಯಾಗ್ನಮ್ ಎನ್ನುತ್ತಾರೆ.

ಆ ಮೊದಲ ಮ್ಯಾಗ್ನಮ್ ರಿವಾಲ್ವರುಗಳಲ್ಲಿ ಒಂದೊಂದನ್ನೂ ಗಿರಾಕಿಯ ಬೇಡಿಕೆಯಂತೆ ಮಾಡಿ, ನೋಂದಣಿ ಪತ್ರದ ಸಮೇತ ಕೊಡುತ್ತಿದ್ದರು. ಮೊದಲನೆಯದು ಹೋದದ್ದು ಎಫ್‌ಬಿಐ ಮುಖ್ಯಸ್ಥ ಎಡ್ಗರ್ ಹೂವರ್‌ಗೆ. ಆರ್ಥಿಕ ಕುಸಿತದ ದಿನಗಳಲ್ಲಿ ಬೆಲೆ 60 ಡಾಲರ್; ಆದರೂ ಜನ ಸಾಲುಗಟ್ಟಿದರು. ಜನರಲ್ ಪ್ಯಾಟನ್ ದಂತದ ಹಿಡಿಯ ಒಂದನ್ನು ಮಾಡಿಸಿಕೊಂಡ.

ಇಲ್ಲಿ ಒಂದು ಚಿಕ್ಕ ಜಾಣತನವಿದೆ. ಎರಡೂ ತೋಟಾದ ಗುಂಡಿನ ಅಡ್ಡಗಲ ಒಂದೇ, 0.357 ಇಂಚು. .38 ಎಂಬುದು ಹಳೇ ಕಾಲದ ಬಳುವಳಿ ಹೆಸರು, ಅಳತೆಯಲ್ಲ. ಮ್ಯಾಗ್ನಮ್ಮಿನ ಹಿತ್ತಾಳೆ ಕೇಸನ್ನು ಮೂರೂವರೆ ಮಿಲಿಮೀಟರಿನಷ್ಟು ಉದ್ದ ಮಾಡಿದರು. ಹೆಚ್ಚಿದ ಮದ್ದಿಗೆ ಜಾಗ ಬೇಕೆಂದಲ್ಲ. ಯಾರೋ ಪುಣ್ಯಾತ್ಮ ಅದನ್ನು ಹಳೆಯ .38 ರಿವಾಲ್ವರಿಗೆ ತುರುಕಿ ಕೈ ಕಳೆದುಕೊಳ್ಳಬಾರದೆಂದು. ಇಂದಿನ ಲೆಕ್ಕದಲ್ಲಿ .38ರೊಳಗಿನ ಒತ್ತಡದ ಮಿತಿ ಚದರ ಇಂಚಿಗೆ 17,000 ಪೌಂಡು, ಮ್ಯಾಗ್ನಮ್ಮಿನದು 35,000. ನಮ್ಮ ಸ್ಕೂಟರ್ ಟೈರಿಗೆ ಗಾಳಿ ಹೊಡೆಸುವುದು ಅದೇ ಅಳತೆಯಲ್ಲಿ ಮೂವತ್ತರ ಸುಮಾರು. ಉದ್ದದ ಮ್ಯಾಗ್ನಮ್ ತೋಟಾ .38ರ ಗೂಡಿನಲ್ಲಿ ಕೂರದು. ಗಿಡ್ಡ .38 ಮಾತ್ರ ಮ್ಯಾಗ್ನಮ್ಮಿನ ಗೂಡಿನಲ್ಲಿ ಆರಾಮವಾಗಿ ಕೂರುತ್ತದೆ. ಮಿರೆಲೆಸನ ರಿವಾಲ್ವರಿನಲ್ಲಿ ಇದ್ದದ್ದು ಈ ಏರ್ಪಾಟು. ಎಫ್‌ಬಿಐ ತನ್ನವರಿಗೆ ಕೊಡುತ್ತಿದ್ದದ್ದು 158 ಗ್ರೇನಿನ, ಮೂತಿಯಲ್ಲಿ ಗುಳಿಯಿರುವ ಬರಿ ಸೀಸದ .38, ಮದ್ದು ಮಾಮೂಲಿಗಿಂತ ತುಸು ಹೆಚ್ಚು.

ಹಾಗಾದರೆ ಮ್ಯಾಗ್ನಮ್ಮಿನದೇ ತೋಟಾ ಯಾಕೆ ಬೇಡವಾಯಿತು? ಅದರ ಕಥೆಯೂ ಸ್ವಾರಸ್ಯವಾಗಿದೆ.

ಮೊದಲ ಮ್ಯಾಗ್ನಮ್ ಗುಂಡುಗಳು ಬರಿ ಸೀಸದವು. ಅಷ್ಟು ವೇಗಕ್ಕೆ, ಅಷ್ಟು ಬಿಸಿಗೆ ಸೀಸ ನಳಿಗೆಯ ಒಳಗೋಡೆಗೆ ಮೆತ್ತಿಕೊಳ್ಳುತ್ತಿತ್ತು. ತಳ ಹಿಡಿದ ಪಾಯಸದ ಪಾತ್ರೆ ಉಜ್ಜಿದಂತೆ ಉಜ್ಜಬೇಕಿತ್ತು. 1963ರಲ್ಲಿ ಇಂಡಿಯಾನಾ ರಾಜ್ಯದ ಶೆಲ್ಬಿವಿಲ್ ಎಂಬ ಊರಲ್ಲಿ ಲೀ ಜುರಾಸ್ ಎಂಬಾತ ಸೂಪರ್ ವೆಲ್ ಎಂಬ ಪುಟ್ಟ ಕಂಪನಿ ತೆರೆದು ಲೆಕ್ಕಾಚಾರವನ್ನೇ ತಿರುಗಿಸಿದ. ಗುಂಡನ್ನು ಹಗುರ ಮಾಡು, ತಾಮ್ರದ ಕವಚ ತೊಡಿಸು, ಮೂತಿಯಲ್ಲಿ ಗುಳಿ ತೋಡು, ಆಮೇಲೆ ಆದಷ್ಟು ವೇಗವಾಗಿ ಕಳಿಸು. ದೊಡ್ಡ ಕಂಪನಿಗಳು ಮೊದಲು ನಕ್ಕು, ಆಮೇಲೆ ಅನುಕರಿಸಿದವು. ಹೀಗೆ ಬಂದದ್ದು 125 ಗ್ರೇನಿನ ಮ್ಯಾಗ್ನಮ್. ನಾಲ್ಕಿಂಚಿನ ನಳಿಗೆಯಿಂದ ಸೆಕೆಂಡಿಗೆ ಹೆಚ್ಚುಕಡಿಮೆ 440 ಮೀಟರ್, ಶಕ್ತಿ .38ರ ಮೂರು ಪಟ್ಟಿನ ಹತ್ತಿರ. ಎಪ್ಪತ್ತು, ಎಂಬತ್ತರ ದಶಕದ ಪೊಲೀಸರ ಬಾಯಲ್ಲಿ ಇದು ಪುರಾಣವಾಯಿತು. ಫೆಡರಲ್ ಮತ್ತು ರೆಮಿಂಗ್ಟನ್ ಕಂಪನಿಗಳ 125ರ ಬಗ್ಗೆ ಇವತ್ತಿಗೂ ಮುದುಕರು ಮಾತಾಡುವುದನ್ನು ಕೇಳಿದರೆ ಎಚ್‌ಎಂಟಿ ವಾಚಿನ ಬಗ್ಗೆ ಕೇಳಿದ ಹಾಗಿರುತ್ತದೆ.

ಈ ಪುರಾಣಕ್ಕೆ ಅಂಕಿಯೂ ಸಿಕ್ಕಿತು. ಡೆಟ್ರಾಯಿಟ್‌ನಲ್ಲಿ ಪೊಲೀಸ್ ಆಗಿದ್ದ ಇವಾನ್ ಮಾರ್ಷಲ್, ಎಡ್ವಿನ್ ಸ್ಯಾನೋ ಜೊತೆ ಸೇರಿ 1992ರಲ್ಲಿ ಪುಸ್ತಕ ತಂದ. ನಿಜವಾದ ಗುಂಡೇಟಿನ ಪ್ರಕರಣಗಳನ್ನು ಕಲೆಹಾಕಿ, ಒಂದೇ ಏಟಿಗೆ ಎದುರಾಳಿ ನಿಂತದ್ದು ಎಷ್ಟು ಸಲ ಎಂದು ಲೆಕ್ಕ. ಫೆಡರಲ್‌ನ 125 ಗ್ರೇನಿಗೆ ಬಂದದ್ದು ಶೇಕಡಾ 96. ಅಂಗಡಿಯವರಿಗೆ ಇದಕ್ಕಿಂತ ಒಳ್ಳೆಯ ಜಾಹೀರಾತು ಬೇಕೆ? ಆದರೆ ಲೆಕ್ಕದ ಬುಡದಲ್ಲೇ ಒಂದು ತೂತು. ಎರಡು ಮೂರು ಏಟು ತಿಂದವರನ್ನು ಪಟ್ಟಿಯಿಂದಲೇ ಕೈಬಿಟ್ಟಿದ್ದರು. ಮೊದಲ ಏಟಿಗೆ ಜಗ್ಗದವನಿಗೆ ತಾನೆ ಎರಡನೆಯದು ಬೀಳುವುದು? ಫೇಲಾದವರನ್ನು ಹಾಲ್‌ಟಿಕೆಟ್ ಕೊಡದೆ ಮನೆಗೆ ಕಳಿಸಿ ಶಾಲೆಗೆ ಶೇಕಡಾ ನೂರು ಫಲಿತಾಂಶ ತಂದಂತೆ. ಈ ಉಪಾಯ ನಮಗೇನೂ ಹೊಸದಲ್ಲ.

ಇನ್ನು ಪುರಾಣದ ಇನ್ನೊಂದು ಮುಖ. 1955ರಲ್ಲಿ ಗಡಿ ಪೊಲೀಸಿನ ಬಿಲ್ ಜೋರ್ಡನ್‌ನ ಒತ್ತಾಸೆಯಿಂದ ಸ್ಮಿತ್ ಅಂಡ್ ವೆಸ್ಸನ್ ಸೊಂಟಕ್ಕೆ ಹಗುರಾದ ಒಂದು ಮ್ಯಾಗ್ನಮ್ ತಂದಿತ್ತು; ಮುಂದೆ ಅದಕ್ಕೆ ಮಾಡೆಲ್ 19 ಎಂದು ಹೆಸರಾಯಿತು. ಆಗಿನ ಪೊಲೀಸರು ಅಭ್ಯಾಸಕ್ಕೆ .38, ಕೆಲಸಕ್ಕೆ ಮ್ಯಾಗ್ನಮ್ ಹಾಕುತ್ತಿದ್ದರು. ದಿನವೂ ಬಿಸಿಬಿಸಿ 125 ಹಾರಿಸಲು ಶುರುವಾದ ಮೇಲೆ ಕೆಲವು ರಿವಾಲ್ವರುಗಳ ನಳಿಗೆಯ ಬುಡ ಬಿರುಕು ಬಿಡತೊಡಗಿತು. ಸಿಲಿಂಡರನ್ನು ಮಡಿಸುವ ಭಾಗಕ್ಕೆ ಜಾಗ ಬಿಡಲೆಂದು ಅಲ್ಲಿ ಉಕ್ಕನ್ನು ಚೂರು ಕೆತ್ತಿ ತೆಳ್ಳಗೆ ಮಾಡಿದ್ದರು. ಬಿರುಕು ಬಿಟ್ಟದ್ದು ಸರಿಯಾಗಿ ಅಲ್ಲೇ. ಎಂಬತ್ತರ ದಶಕದ ಆರಂಭದಲ್ಲಿ ಕಂಪನಿ ಇನ್ನೂ ದಪ್ಪನೆಯ ಚೌಕಟ್ಟಿನ ಹೊಸ ಮಾದರಿಯನ್ನೇ ತರಬೇಕಾಯಿತು. ಒಂದು ತೋಟಾದಿಂದಾಗಿ ಕೋವಿ ಬದಲಾಯಿತು.

ಗುಳಿಯ ಮೂತಿಯ ಗುಂಡಿನ ವಿಚಾರ ಬಂದಾಗ ಕಥೆ ನಮ್ಮ ದೇಶಕ್ಕೂ ಒಮ್ಮೆ ಬಂದುಹೋಗುತ್ತದೆ. ಕೋಲ್ಕತ್ತಾದ ವಿಮಾನ ನಿಲ್ದಾಣ ಇರುವ ದಂ ದಂ ಗೊತ್ತಲ್ಲ, ಅಲ್ಲಿಯ ಮದ್ದುಗುಂಡಿನ ಕಾರ್ಖಾನೆಯಲ್ಲಿ 1890ರ ದಶಕದಲ್ಲಿ ಕ್ಯಾಪ್ಟನ್ ಬರ್ಟಿ ಕ್ಲೇ ಎಂಬ ಅಧಿಕಾರಿಯಿದ್ದ. 1895ರ ಚಿತ್ರಾಲ್ ದಂಡಯಾತ್ರೆಯಲ್ಲಿ ಬ್ರಿಟಿಷರ ಹೊಸ .303 ಗುಂಡು ಪಠಾಣರ ಮೈಯಲ್ಲಿ ಸೂಜಿಯಂತೆ ತೂರಿಹೋಗುತ್ತದೆ, ಅವರು ನಿಲ್ಲುವುದೇ ಇಲ್ಲ ಎಂಬ ದೂರು ಬಂದಿತ್ತು. ಕ್ಲೇ ಗುಂಡಿನ ತುದಿಯ ಕವಚ ತೆಗೆದು ಸೀಸವನ್ನು ಬತ್ತಲೆ ಬಿಟ್ಟ. ತಾಗಿದೊಡನೆ ಸೀಸ ಅಗಲವಾಗಿ ಅರಳುತ್ತಿತ್ತು. ಯುರೋಪಿನಲ್ಲಿ ಗದ್ದಲವೆದ್ದು 1899ರ ಜುಲೈನಲ್ಲಿ ಹೇಗ್ ಘೋಷಣೆ ಅಂಥ ಗುಂಡನ್ನು ಯುದ್ಧದಲ್ಲಿ ಬಳಸಬಾರದೆಂದಿತು. ಬ್ರಿಟನ್ ಅದಕ್ಕೆ ತಲೆಬಾಗಿದ್ದು 1907ರಲ್ಲಿ. ಅಮೆರಿಕ ಆ ಘೋಷಣೆಗೆ ಸೇರಲೇ ಇಲ್ಲ.

ಘೋಷಣೆ ದೇಶದೇಶಗಳ ನಡುವಣ ಯುದ್ಧಕ್ಕೆ. ಪೊಲೀಸರಿಗೂ ಬೇಟೆಗಾರರಿಗೂ ಅದು ಅನ್ವಯಿಸದು. ಹಾಗಾಗಿ ರಣರಂಗದಲ್ಲಿ ಕ್ರೂರವೆಂದು ಹೊರಗಿಟ್ಟ ಗುಂಡೇ ಅಮೆರಿಕದ ಊರುಕೇರಿಗಳಲ್ಲಿ ವಿವೇಕದ ಆಯ್ಕೆ ಎನ್ನಿಸಿಕೊಂಡಿತು. ಅರಳಿದ ಗುಂಡು ಮೈಯಲ್ಲೇ ನಿಲ್ಲುತ್ತದೆ, ಆಚೆ ಬದಿಯಿಂದ ಹೊರಬಿದ್ದು ಹಿಂದಿದ್ದ ಮನೆಯ ಮಗುವಿಗೆ ತಗಲುವುದಿಲ್ಲ ಎಂಬುದು ತರ್ಕ. ತರ್ಕ ಸುಳ್ಳಲ್ಲ. ಆದರೂ ಈ ಎರಡು ಮಾತನ್ನು ಒಂದೇ ಉಸಿರಿನಲ್ಲಿ ಹೇಳುವಾಗ ನನಗೆ ನಾಲಗೆ ತೊಡರುತ್ತದೆ.

ಈಗ ಮಯಾಮಿಗೆ ವಾಪಸ್ ಹೋಗೋಣ. ಅಲ್ಲಿ ನಿಜವಾಗಿ ಚರ್ಚೆಯೆಬ್ಬಿಸಿದ್ದು ಮಿರೆಲೆಸನ ಗುಂಡಲ್ಲ, ಸತ್ತ ಜೆರ್ರಿ ಡವ್‌ನದು. ಕಾಳಗದ ಮೊದಲ ಹಂತದಲ್ಲೇ ಅವನ 9 ಎಂಎಂ ಪಿಸ್ತೂಲಿನ ಒಂದು ಗುಂಡು ದರೋಡೆಕೋರ ಮೈಕೆಲ್ ಪ್ಲ್ಯಾಟ್‌ನ ಬಲತೋಳನ್ನು ತೂರಿ, ಎದೆಯೊಳಗೆ ಹೊಕ್ಕು, ಶ್ವಾಸಕೋಶ ಹರಿದು, ಹೃದಯ ಇನ್ನೊಂದು ಇಂಚು ಇದೆ ಎನ್ನುವಾಗ ನಿಂತುಬಿಟ್ಟಿತು. 115 ಗ್ರೇನಿನ ಹಗುರ ಗುಂಡು. ಬೇಗ ಅರಳುವಂತೆ ಮಾಡಿದ್ದು, ಹಾಗೇ ಅರಳಿತು. ಪ್ಲ್ಯಾಟ್ ಆ ಏಟು ತಿಂದ ಮೇಲೂ ನಿಮಿಷಗಟ್ಟಲೆ ರೈಫಲಿನಿಂದ ಹೊಡೆಯುತ್ತಲೇ ಇದ್ದ. ಸತ್ತ ಏಜೆಂಟರಿಬ್ಬರನ್ನೂ ಅವನು ಕೊಂದದ್ದು ಆ ಏಟಿನ ನಂತರ.

ಎಫ್‌ಬಿಐ ತಪ್ಪನ್ನು ಗುಂಡಿನ ಮೇಲೆ ಹೊರಿಸಿತು. ರೈಫಲ್ ಹಿಡಿದವನ ಮುಂದೆ ಹೆಚ್ಚಾಗಿ ಪಿಸ್ತೂಲು ರಿವಾಲ್ವರುಗಳನ್ನೇ ನಂಬಿ ಹೋದದ್ದರಲ್ಲಿ ತಪ್ಪಿರಲಿಲ್ಲವೇ ಎಂದು ಕೇಳಿದವರೂ ಇದ್ದರು. ಅದೇನೇ ಇರಲಿ, ಆ ದುಃಖದಿಂದ ಒಂದು ಒಳ್ಳೆಯ ಪದ್ಧತಿ ಹುಟ್ಟಿತು. 1987ರಲ್ಲಿ ಕ್ವಾಂಟಿಕೊದ ತರಬೇತಿ ಕೇಂದ್ರಕ್ಕೆ ವೈದ್ಯರನ್ನೂ ಗುಂಡಿನ ತಜ್ಞರನ್ನೂ ಕರೆಸಿ ಕೂರಿಸಿದರು. ಅವರಲ್ಲಿ ಒಬ್ಬ ಕರ್ನಲ್ ಮಾರ್ಟಿನ್ ಫ್ಯಾಕ್ಲರ್. ವಿಯೆಟ್ನಾಂ ಯುದ್ಧದಲ್ಲಿ ಗಾಯಗಳನ್ನು ಹೊಲಿದ ಸೇನಾ ಶಸ್ತ್ರವೈದ್ಯ. ಆಮೇಲೆ ಸ್ಯಾನ್ ಫ್ರಾನ್ಸಿಸ್ಕೊದ ಸೇನಾ ಪ್ರಯೋಗಾಲಯದಲ್ಲಿ ಗುಂಡು ಮೈಯಲ್ಲಿ ಏನು ಮಾಡುತ್ತದೆ ಎಂಬುದನ್ನೇ ಓದಿದವ. ಅವನ ಸಾಧನ ಜೆಲಟಿನ್.

ನಮ್ಮ ಹಾಲುಬಾಯಿ ನೆನಪಿಸಿಕೊಳ್ಳಿ, ಬಟ್ಟಲಲ್ಲಿ ಅಲ್ಲಾಡುವ ಆ ಮೆದು ಗಟ್ಟಿತನ. ಹತ್ತು ಭಾಗ ಜೆಲಟಿನ್, ತೊಂಬತ್ತು ಭಾಗ ನೀರು, ಅಚ್ಚಿಗೆ ಹೊಯ್ದು 4 ಡಿಗ್ರಿ ಸೆಲ್ಸಿಯಸ್‌ಗೆ ತಣಿಸಿದ ದಿಮ್ಮಿ ಅದಕ್ಕಿಂತ ತುಸು ಬಿಗಿ, ಸ್ನಾಯುವಿನ ಹತ್ತಿರ ಹತ್ತಿರ. ಹದ ಸರಿಯಾಗಿದೆಯೇ ಎಂದು ನೋಡಲು ಮೊದಲು ಒಂದು ಆಟಿಕೆ ಕೋವಿಯ ಉಕ್ಕಿನ ಕಾಳು ಹೊಡೆಯುತ್ತಾರೆ. ಗೊತ್ತಾದ ವೇಗಕ್ಕೆ ಅದು ಎಂಟೂವರೆ ಸೆಂಟಿಮೀಟರಿನ ಆಸುಪಾಸು ಇಳಿಯಬೇಕು. ಬೆಲ್ಲದ ಪಾಕ ನೀರಿಗೆ ಬಿಟ್ಟು ಎಳೆ ನೋಡುವ ಹಾಗೆ. ಆಮೇಲೆ ನಿಜವಾದ ಗುಂಡು. ಬರಿ ದಿಮ್ಮಿಗೆ ಒಮ್ಮೆ, ದಪ್ಪ ಬಟ್ಟೆ ಹೊದಿಸಿ ಒಮ್ಮೆ, ಉಕ್ಕಿನ ತಗಡು, ಗೋಡೆಯ ಹಲಗೆ, ಪ್ಲೈವುಡ್, ಕಾರಿನ ಗಾಜು ಇವುಗಳ ಮೂಲಕ ಒಂದೊಂದು ಸಲ. ಗುಂಡು ಕನಿಷ್ಠ 12 ಇಂಚು, ಅಂದರೆ ಮೂವತ್ತು ಸೆಂಟಿಮೀಟರ್ ಇಳಿಯಬೇಕು. 18 ಇಂಚು ದಾಟಬಾರದು.

ಮನುಷ್ಯನ ಎದೆ ಅಷ್ಟು ಆಳವಿಲ್ಲವಲ್ಲ ಎಂದು ಕೇಳಿದರೆ ಉತ್ತರ ಪ್ಲ್ಯಾಟ್‌ನ ತೋಳು. ಎದುರಾಳಿ ಫೋಟೋಕ್ಕೆ ನಿಂತ ಹಾಗೆ ನಿಂತಿರುವುದಿಲ್ಲ. ತೋಳು ಅಡ್ಡ ಬರುತ್ತದೆ, ಮೈ ಓರೆಯಾಗಿರುತ್ತದೆ.

ಈ ದಿಮ್ಮಿಯ ಮುಂದೆ ಅನೇಕ ಪುರಾಣಗಳು ತಣ್ಣಗಾದವು. ಗುಳಿಯ ಮೂತಿಯೊಳಗೆ ಜೀನ್ಸ್ ಬಟ್ಟೆ ತುಂಬಿಕೊಂಡರೆ ಗುಂಡು ಅರಳುವುದೇ ಇಲ್ಲ. ಗಾಜು ತಾಗಿದರೆ ತಾಮ್ರದ ಕವಚ ಒಂದು ಕಡೆ, ಸೀಸ ಒಂದು ಕಡೆ. ಪುರಾಣಪ್ರಸಿದ್ಧ 125 ಕೂಡ ಅತಿವೇಗಕ್ಕೆ ಒಡೆದು ಚೂರಾಗಿ ಆಳ ಕಳೆದುಕೊಳ್ಳುವುದು ಕಂಡಿತು. ಇಲ್ಲಿಗೆ ಜಗಳದ ತಿರುಳು ಬಯಲಾಯಿತು: ಆಳ ಬೇಕೋ, ಅಗಲ ಬೇಕೋ? ಇರುವ ಶಕ್ತಿ ಒಂದೇ. ಅರಳಲು ಖರ್ಚು ಮಾಡಿದರೆ ಇಳಿಯಲು ಉಳಿಯದು. ಒಂದು ಸಂಬಳದಲ್ಲಿ ಮನೆಯನ್ನೂ ಕಟ್ಟಿಸಬೇಕು, ಮದುವೆಯನ್ನೂ ಮಾಡಬೇಕು.

ಕಳೆದ ಮೂವತ್ತೈದು ವರ್ಷದ 'ಆಧುನಿಕ' ಗುಂಡುಗಳೆಲ್ಲ ಈ ಸಂಬಳ ಹಂಚುವ ಉಪಾಯಗಳು. ಸ್ಪೀರ್ ಕಂಪನಿಯ ಗೋಲ್ಡ್ ಡಾಟ್‌ನಲ್ಲಿ ತಾಮ್ರವನ್ನು ತೊಡಿಸುವುದಿಲ್ಲ. ಆಭರಣಕ್ಕೆ ಚಿನ್ನದ ನೀರು ಕೊಟ್ಟಂತೆ ವಿದ್ಯುತ್ತಿನ ಮೂಲಕ ಸೀಸದ ಮೇಲೆ ಕೂರಿಸುತ್ತಾರೆ. ಕವಚ ಕಳಚುವ ಪ್ರಶ್ನೆಯೇ ಇಲ್ಲ. ಹಾರ್ನಡಿಯವರು ಗುಳಿಗೆ ಮೆತ್ತನೆಯ ಕೆಂಪು ಬಿರಡೆ ಹಾಕಿದರು. ಬಟ್ಟೆ ಒಳಗೆ ತುಂಬದು, ಬಿರಡೆಯೇ ಹಿಂದಕ್ಕೆ ಒತ್ತಿ ಮೂತಿಯನ್ನು ಅರಳಿಸುತ್ತದೆ. ಬಾರ್ನ್ಸ್ ಕಂಪನಿ ಸೀಸವನ್ನೇ ಬಿಟ್ಟು ಇಡೀ ಗುಂಡನ್ನು ತಾಮ್ರದಲ್ಲಿ ಮಾಡಿತು. ಅರಳಿದಾಗ ಅದು ಸರಿಯಾಗಿ ಬಿರಿದ ಹೂವಿನಂತೆ, ಒಂದು ದಳವೂ ಉದುರುವುದಿಲ್ಲ. ತಾಮ್ರ ಸೀಸಕ್ಕಿಂತ ಹಗುರವಾದ್ದರಿಂದ ಅಷ್ಟೇ ತೂಕಕ್ಕೆ ಗುಂಡು ಉದ್ದವಾಗುತ್ತದೆ, ಮದ್ದಿನ ಜಾಗ ತಿನ್ನುತ್ತದೆ ಎಂಬ ತಾಪತ್ರಯವಿದೆ. ಆದರೂ ತಾಮ್ರಕ್ಕೆ ಬೇರೊಂದು ಕಡೆಯಿಂದ ಬೆಂಬಲ ಬಂತು: ರಣಹದ್ದಿನಿಂದ. ಬೇಟೆಗಾರರು ಬಿಟ್ಟುಹೋದ ಪ್ರಾಣಿಗಳ ಅಳಿದುಳಿದ ಮಾಂಸದಲ್ಲಿನ ಸೀಸದ ಚೂರು ತಿಂದು ಕ್ಯಾಲಿಫೋರ್ನಿಯಾದ ಕಾಂಡೋರ್ ಹದ್ದುಗಳು ಸಾಯುತ್ತಿದ್ದವು. 2019ರ ಜುಲೈನಿಂದ ಆ ರಾಜ್ಯದಲ್ಲಿ ಬೇಟೆಗೆ ಸೀಸದ ಗುಂಡೇ ನಿಷಿದ್ಧ. ಡೈಕ್ಲೊಫೆನಾಕ್ ಔಷಧದಿಂದ ನಮ್ಮ ರಣಹದ್ದುಗಳನ್ನು ಕಳೆದುಕೊಂಡ ನಮಗೆ ಇದು ಬೇಗ ಅರ್ಥವಾಗಬೇಕು.

ವಿಪರ್ಯಾಸವೆಂದರೆ ಗುಂಡು ಇಷ್ಟು ಸುಧಾರಿಸಿದ್ದರಿಂದ ಮ್ಯಾಗ್ನಮ್ಮಿನ ಗತ್ತೇ ಇಳಿಯಿತು. ಮಯಾಮಿಯ ನಂತರ ಇನ್ನೂ ಜೋರಾದ ಪಿಸ್ತೂಲುಗಳ ಹಿಂದೆ ಓಡಿದ ಎಫ್‌ಬಿಐ, ಸುಮಾರು ಮೂವತ್ತು ವರ್ಷ ಸುತ್ತಿ, ಹೊಸ ಗುಂಡಿನ ಬಲದಿಂದ ಮತ್ತೆ 9 ಎಂಎಂಗೇ ಬಂದು ನಿಂತಿತು. ರಿವಾಲ್ವರ್ ಪೊಲೀಸರ ಸೊಂಟದಿಂದ ಇಳಿದೇ ಹೋಯಿತು. ಈಗ ಅದನ್ನು ಕೊಳ್ಳುವವರು ಭಾವನಂಥವರು.

ಊರ ಹೊರಗಿನ ಮರುಭೂಮಿಯಲ್ಲಿ ಗುಂಡು ಹೊಡೆಯುವ ಬಯಲು. ಪ್ರವಾಸಿ ವೀಸಾದಲ್ಲಿ ಹೋದ ನನ್ನಂಥವನು ಬೇಟೆಯ ಲೈಸೆನ್ಸಿನಂಥ ಕೆಲವು ವಿನಾಯಿತಿ ಬಿಟ್ಟರೆ ಕೋವಿಯನ್ನೂ ತೋಟಾವನ್ನೂ ಇಟ್ಟುಕೊಳ್ಳುವ ಹಾಗಿಲ್ಲ. ಹಾಗಾಗಿ ಕಿವಿಗೆ ಮುಚ್ಚಳ ಹಾಕಿಕೊಂಡು ನಾಲ್ಕು ಹೆಜ್ಜೆ ಹಿಂದೆ ನಿಂತೆ. ಮೊದಲು ಭಾವ ತಮ್ಮ ಗೆಳೆಯರ ದೊಡ್ಡ ಉಕ್ಕಿನ ರಿವಾಲ್ವರಿನಲ್ಲಿ .38 ಹೊಡೆದರು. ಒಂದು ಕಿಲೋ ದಾಟಿದ ತೂಕದ ಕೋವಿ, ಸುಮ್ಮನೆ ತಲೆಯಾಡಿಸಿದ ಹಾಗಾಯಿತು. ಅದಕ್ಕೇ 158ರ ಮ್ಯಾಗ್ನಮ್ ಹಾಕಿದಾಗ ಸದ್ದಿನ ಜಾತಿಯೇ ಬೇರೆ. ಗುಂಡು ಶಬ್ದವನ್ನು ಮೀರಿ ಓಡುವುದರಿಂದ ಸಿಡಿತದ ಜೊತೆ ಇನ್ನೊಂದು ಚಾಟಿಯೇಟು. ಅದು 160 ಡೆಸಿಬಲ್ಲಿನ ಮೇಲೆ. ಮುಚ್ಚಳದೊಳಗೂ ಎದೆಗೆ ಗುದ್ದಿದಂತಾಯಿತು.

ಆಮೇಲೆ ಅವರದೇ ಪುಟ್ಟ ರಿವಾಲ್ವರ್. ಐದು ತೋಟಾ ಹಿಡಿಸುವ, ಎರಡಿಂಚಿಗಿಂತ ಚೂರು ಕಮ್ಮಿ ನಳಿಗೆಯ, ಹಗುರ ಲೋಹದ್ದು. ತೂಕ ಅರ್ಧ ತೆಂಗಿನಕಾಯಿಯಷ್ಟು. ಅದಕ್ಕೆ 125ರ ಮ್ಯಾಗ್ನಮ್. ಹಗಲು ಬೆಳಕಿನಲ್ಲೂ ಮುಂದೆ ಕಿತ್ತಳೆ ಬಣ್ಣದ ಬೆಂಕಿಯ ಚೆಂಡು ಕಂಡಿತು. ಮದ್ದು ಪೂರ್ತಿ ಉರಿಯುವಷ್ಟು ಉದ್ದ ನಳಿಗೆಗಿಲ್ಲ, ಉಳಿದದ್ದು ಗಾಳಿಯಲ್ಲಿ ಉರಿಯುತ್ತದೆ. ನಾಲ್ಕಿಂಚಿನ ನಳಿಗೆಗೆ ಹೋಲಿಸಿದರೆ ಸೆಕೆಂಡಿಗೆ ಸುಮಾರು 60 ಮೀಟರ್ ವೇಗ ಅಲ್ಲೇ ಸೋರಿಹೋಗುತ್ತದೆ. ಕೊಂಡವನಿಗೆ ಮಿಕ್ಕದ್ದು ಸದ್ದು, ಬೆಂಕಿ ಮತ್ತು ಒದೆತ. ಕೋವಿ ಒದ್ದ ರಭಸಕ್ಕೆ ಭಾವನ ಕೈ ಹಣೆಯ ಮಟ್ಟಕ್ಕೆ ಹೋಯಿತು. ಎರಡನೆಯ ಈಡಿಗೆ ಮತ್ತೆ ಗುರಿ ಕೂರಿಸಲು ಅವರು ತೆಗೆದುಕೊಂಡ ಹೊತ್ತಿನಲ್ಲಿ ನಾನೊಂದು ಸೀನು ಸೀನಿ ಮೂಗು ಒರೆಸಿಕೊಂಡೆ. ನಾಲ್ಕು ಈಡಾದ ಮೇಲೆ ಹೆಬ್ಬೆರಳಿನ ಬುಡ ಕೆಂಪಗಾಗಿತ್ತು.

"ಇದು ಕೇಪಿನ ಕೋವಿಗೆ ಎರಡು ಈಡಿನ ಮದ್ದು ಒಟ್ಟಿಗೆ ಹಾಕಿದಂಗೆ," ಎಂದರು. "ಅಜ್ಜ ಇದ್ದಿದ್ರೆ ಬೆನ್ನಿಗೆ ಬಾರಿಸ್ತಿದ್ರು."

ನನ್ನ ತೀರ್ಮಾನವೂ ಅದೇ. ಹಗುರ, ಗಿಡ್ಡ ರಿವಾಲ್ವರಿಗೆ ಮ್ಯಾಗ್ನಮ್ಮಿನ ಪೂರ್ತಿ ಗತ್ತು ಸುಮ್ಮನೆ ದಂಡ. ಗಿಡ್ಡ ನಳಿಗೆಗೆಂದೇ ಮಾಡಿದ 135 ಗ್ರೇನಿನ ಮಧ್ಯಮ ತೋಟಾಗಳಿವೆ, ಅಥವಾ ಒಳ್ಳೆಯ .38 ಇದೆ. ಭಾರದ, ನಾಲ್ಕಿಂಚಿನ ಉಕ್ಕಿನ ಕೋವಿ ಕೈಯಲ್ಲಿದ್ದರೆ 158 ಒಗ್ಗುತ್ತದೆ. ಕಾಡುಪ್ರಾಣಿಯ ಭಯವಿರುವ ಜಾಗಕ್ಕೆ ಹೋಗುವವರ ಆಯ್ಕೆ ಇದಕ್ಕೆಲ್ಲ ತದ್ವಿರುದ್ಧ. ಅರಳುವ ಗುಂಡೇ ಬೇಡ ಅವರಿಗೆ. ಐಡಹೊ ರಾಜ್ಯದ ದನಗಾಹಿ ಎಲ್ಮರ್ ಕೀತ್, ಅಗಲ ಟೋಪಿಯ ಆ ಹಟಮಾರಿ ಬರಹಗಾರ, ತವರ ಬೆರೆಸಿ ಗಟ್ಟಿ ಮಾಡಿದ ಭಾರದ ಸೀಸ, ಚಪ್ಪಟೆ ಮೂತಿ ಇಷ್ಟೇ ಸಾಕು ಎಂದು ಜೀವನವಿಡೀ ವಾದಿಸಿದ. ಅವನ ವಾದದಿಂದಲೇ ಐವತ್ತರ ದಶಕದಲ್ಲಿ .44 ಮ್ಯಾಗ್ನಮ್ ಬಂತು; ಮುಂದೆ 1971ರಲ್ಲಿ ಕ್ಲಿಂಟ್ ಈಸ್ಟ್‌ವುಡ್ ಅದನ್ನು ತೆರೆಯ ಮೇಲೆ ಹಿಡಿದ. ಕರಡಿಯ ದಪ್ಪ ಚರ್ಮ, ಕೊಬ್ಬು, ಎಲುಬು ದಾಟಲು ಬೇಕಾದದ್ದು ಆಳ ಒಂದೇ. .357ರಲ್ಲಾದರೆ ಅಂಥವರು ಕೊಳ್ಳುವುದು ನಮ್ಮ ಒಂದು ತೊಲದ, 180 ಗ್ರೇನಿನ ಗಟ್ಟಿ ಸೀಸ. ಚಪ್ಪಟೆ ಮೂತಿ ಪಿಸ್ತೂಲಿನಲ್ಲಿ ಸಿಕ್ಕಿಕೊಳ್ಳಬಹುದು. ರಿವಾಲ್ವರಿಗೆ ಆ ಚಿಂತೆಯಿಲ್ಲ, ತೋಟಾ ಗೂಡಿನಲ್ಲಿ ಕೂತೇ ಇರುತ್ತದೆ. ವಿಷದ ಹಾವುಗಳಿರುವ ಅರಿಜೋನಾ ಸೀಮೆಯಲ್ಲಿ .38ಕ್ಕೆ ಚರೆ ತುಂಬಿದ ತೋಟಾ ಕೂಡ ಮಾರುತ್ತಾರೆ. ಪೆಟ್ಟಿಗೆ ಕಂಡೊಡನೆ ಭಾವನ ಮುಖ ಅರಳಿತ್ತು. "ನೋಡು, ಇಲ್ಲೂ ಚರೆ!"

ಬಯಲಿನಿಂದ ಹೊರಡುವ ಮುಂಚೆ ಅವರು ಒಂದು ಪರೀಕ್ಷೆ ಮಾಡಿದರು. ನಾಲ್ಕು ಈಡು ಹೊಡೆದಿದ್ದರಲ್ಲ, ಐದನೆಯ ತೋಟಾವನ್ನು ಬೇಕೆಂದೇ ಉಳಿಸಿದ್ದರು. ಹಾಕುವ ಮೊದಲೇ ಅದರ ತಳಕ್ಕೆ ಪೆನ್ನಿನಲ್ಲಿ ಗುರುತು ಮಾಡಿ, ಕ್ಯಾಲಿಪರಿನಲ್ಲಿ ಉದ್ದ ಅಳೆದು ಅಂಗೈ ಮೇಲೆ ಬರೆದುಕೊಂಡಿದ್ದರು: 40.1 ಮಿಲಿಮೀಟರ್. ಹಗುರ ಕೋವಿ ಜೋರಾಗಿ ಹಿಂದಕ್ಕೆ ಒದ್ದಾಗ ಹಿತ್ತಾಳೆ ಕೇಸು ಕೋವಿಯ ಜೊತೆ ಹಿಂದೆ ಬರುತ್ತದೆ, ಗುಂಡು ಮಾತ್ರ ತನ್ನ ಭಾರಕ್ಕೆ ಇದ್ದಲ್ಲೇ ಇರಲು ನೋಡುತ್ತದೆ. ಬಸ್ಸು ಹಠಾತ್ತನೆ ಮುಂದೆ ನುಗ್ಗಿದಾಗ ನಿಂತವರು ಹಿಂದಕ್ಕೆ ವಾಲುವುದಿಲ್ಲವೇ, ಅದರ ಉಲ್ಟಾ. ಕೇಸಿನ ಬಾಯಿ ಗುಂಡನ್ನು ಬಿಗಿಯಾಗಿ ಕಚ್ಚಿಕೊಂಡಿರದಿದ್ದರೆ ಒಂದೊಂದು ಈಡಿಗೂ ಗುಂಡು ಸ್ವಲ್ಪ ಸ್ವಲ್ಪವೇ ಹೊರಗೆ ಜರುಗುತ್ತದೆ. ಸಿಲಿಂಡರಿನ ಮುಂದಕ್ಕೆ ಮೂತಿ ಚಾಚಿತೋ, ಸಿಲಿಂಡರ್ ತಿರುಗುವುದೇ ಇಲ್ಲ. ಎಂದೂ ಕೈಕೊಡದು ಎಂದು ಹೆಸರಾದ ರಿವಾಲ್ವರ್ ಕಲ್ಲಾಗಿ ಕೂರುತ್ತದೆ.

ಸಿಲಿಂಡರ್ ಬಿಚ್ಚಿ, ಗುರುತಿನ ತೋಟಾ ತೆಗೆದು, ಕ್ಯಾಲಿಪರಿನ ಬಾಯಿಗಿಟ್ಟರು. ಕನ್ನಡಕ ಮೇಲೆತ್ತಿ ಓದಿದರು. 40.8.

"ಮುಕ್ಕಾಲು ಮಿಲಿಮೀಟರ್ ಹೊರಟಿದೆ ಕಣೋ," ಎಂದರು. ಇನ್ನೊಂದು ಸಲ ಅಳೆದರು. ಅಷ್ಟೇ.

ಪೆಟ್ಟಿಗೆಯಲ್ಲಿ ಇನ್ನೂ ಹದಿನೈದು ತೋಟಾ ಉಳಿದಿದ್ದವು. ಒಂದೊಂದಕ್ಕೆ ನಮ್ಮ ನೂರು ರೂಪಾಯಿಯ ಮೇಲೆ. ವಾಪಸ್ ಕೊಟ್ಟು ಬರೋಣ ಎಂದೆ. ಅಲ್ಲಿ ಮಾರಿದ ತೋಟಾವನ್ನು ಅಂಗಡಿಯವರು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲವಂತೆ. ಗೆಳೆಯರ ದೊಡ್ಡ ರಿವಾಲ್ವರಿಗೆ ಆಗುತ್ತದೆ ಎಂದು ಅವರಿಗೇ ದಾನ ಮಾಡಿ, ಬರುವ ದಾರಿಯಲ್ಲಿ ಇನ್ನೊಂದು ಪೆಟ್ಟಿಗೆ ಕೊಂಡರು. .38.